ಒಳಕೋಣೆಯ ಹೊಲಿಗೆ

ಡಾಕ್ಟ್ರ ಹೊಲಿಗೆ ಎಂದರೆ ಆ ಬೀದಿಯವರಿಗೆ ಒಂದು ಹೆಮ್ಮೆ. ತಂತಿಬೇಲಿಗೆ ಸಿಕ್ಕಿ ಹೊಟ್ಟೆ ಸೀಳಿಕೊಂಡ ನಾಯಿ, ಒಡೆದ ಗಾಜಿನ ಮೇಲೆ ಹಾರಿ ಪಾದ ಕುಯ್ದುಕೊಂಡ ಬೆಕ್ಕು, ಯಾವುದೇ ಬರಲಿ, ದರ್ಜಿಗೂ ಹೊಟ್ಟೆಕಿಚ್ಚಾಗುವಂಥ ಹೊಲಿಗೆ ಹಾಕಿಸಿಕೊಂಡು ಹೋಗುತ್ತಿತ್ತು. ಹೊಲಿಗೆ ಬಿಚ್ಚಿದ ಮೇಲೆ ಗಾಯ ಎಲ್ಲಿತ್ತೆಂದು ಹುಡುಕಬೇಕು. "ಕೈ ಅಂದ್ರೆ ಅದು ಕೈ" ಎನ್ನುತ್ತಿದ್ದರು ಜನ. ಆ ಕೈ ಡಾಕ್ಟ್ರದಾಗಿರಲಿಲ್ಲ, ಅಷ್ಟೇ.

ಕೈ ಡಾಕ್ಟ್ರ ತಂಗಿಯದು. ಅವಳೂ ಪಶುವೈದ್ಯೆಯೇ. ಓದಿನಲ್ಲಿ ಅಣ್ಣನಿಗಿಂತ ಒಂದು ಪದವಿ ಹೆಚ್ಚು. ವಯಸ್ಸು ನಲವತ್ತು ದಾಟಿತ್ತು, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು, ಆದರೂ ಮನೆಯಲ್ಲೂ ಬೀದಿಯಲ್ಲೂ ಅವಳು ಪುಟ್ಟಿಯೇ. ಚಿಕ್ಕಂದಿನಲ್ಲಿ ಇಟ್ಟ ಮುದ್ದಿನ ಹೆಸರು ದೊಡ್ಡವಳಾದ ಮೇಲೂ ಕಳಚದಿದ್ದರೆ ಅದು ಮುದ್ದಲ್ಲ, ಗೂಟ. ಇದು ಪುಟ್ಟಿಗೆ ತಡವಾಗಿ ಹೊಳೆದ ಸತ್ಯ.

ಅಣ್ಣನ ಕೈ ನಡುಗಲು ಶುರುವಾಗಿ ವರ್ಷಗಳೇ ಆಗಿದ್ದವು. ಮೊದಲು ಚಹಾ ಲೋಟದಲ್ಲಿ ಗೊತ್ತಾಯಿತು, ಆಮೇಲೆ ಸೂಜಿಯಲ್ಲಿ. ಒಂದು ಬೆಕ್ಕಿನ ಕಿವಿ ಹೊಲಿಯುವಾಗ ಸೂಜಿ ಅವನ ಹೆಬ್ಬೆರಳಿಗೇ ಚುಚ್ಚಿತು. ಅಣ್ಣ ಏನೂ ಹೇಳದೆ ಎದ್ದ, ಪುಟ್ಟಿ ಏನೂ ಕೇಳದೆ ಆ ಜಾಗದಲ್ಲಿ ನಿಂತಳು. ಅಲ್ಲಿಂದ ಅದೇ ಪದ್ಧತಿಯಾಯಿತು. ಮುಂದಿನ ಕೋಣೆಯಲ್ಲಿ ಅಣ್ಣ ಎರಡೂ ಕೈಯನ್ನು ಬಿಳಿ ಕೋಟಿನ ಜೇಬಿಗೆ ಇಳಿಸಿಕೊಂಡು ಪ್ರಾಣಿಯನ್ನೂ ಅದರ ಯಜಮಾನರನ್ನೂ ಮಾತಾಡಿಸುವನು. ಜನ ಅದನ್ನು ಡಾಕ್ಟ್ರ ಗತ್ತು ಅಂದುಕೊಂಡರು. ಆಮೇಲೆ ಪ್ರಾಣಿಯನ್ನು ಒಳಕೋಣೆಗೆ ಸಾಗಿಸಿ, ಬಾಗಿಲು ಹಾಕಿ, ರೇಡಿಯೊ ಹಚ್ಚುವನು. ಪುಟ್ಟಿ ಅಲ್ಲಿ ಹೊಲಿಯುವಳು. ಅವನು ಸ್ಟೂಲಿನ ಮೇಲೆ ಕೂತು ಪ್ರಾಣಿಯ ಉಸಿರು ನೋಡುತ್ತಿರುವನು. ಎಲ್ಲ ಮುಗಿದ ಮೇಲೆ ನಲ್ಲಿಯಲ್ಲಿ ಕೈ ಒದ್ದೆ ಮಾಡಿಕೊಂಡು, ಟವೆಲ್ಲಿನಲ್ಲಿ ಒರೆಸಿಕೊಳ್ಳುತ್ತ ಹೊರಗೆ ಹೋಗಿ "ಆಯ್ತು ನೋಡಿ" ಎನ್ನುವನು. ಟವೆಲ್ಲಿನೊಳಗೆ ಕೈ ನಡುಗಿದರೆ ಯಾರಿಗೆ ಕಾಣುತ್ತದೆ?

ಒಳಕೋಣೆಗೆ ಕಿಟಕಿಯಿರಲಿಲ್ಲ. ಒಂದು ಕಾಲದಲ್ಲಿ ಅದು ಮನೆಯ ಉಗ್ರಾಣ. ಮೇಲೆ ಅಂಗೈಯಗಲದ ಗಾಳಿಗಂಡಿ, ನಡುವೆ ಉಕ್ಕಿನ ಮೇಜು, ತಲೆಗೆ ಬಡಿಯುವ ದೀಪ, ಔಷಧದ ಕಪಾಟು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಬೇಸಿಗೆಯಲ್ಲಿ ಬೆವರು ಕೈಗವಸಿನೊಳಗೆ ಇಳಿದು ಬೆರಳು ನೀರಿನಲ್ಲಿ ನೆನೆಸಿಟ್ಟಂತೆ ಸುಕ್ಕಾಗುತ್ತಿತ್ತು. ಪುಟ್ಟಿಯ ಬದುಕಿನ ಒಳ್ಳೆಯ ವರ್ಷಗಳು ಆ ಉಗ್ರಾಣದಲ್ಲಿ ಕಳೆದುಹೋಗಿದ್ದವು. ಮಾಡಿದ್ದೆಲ್ಲ ಚೆನ್ನಾಗಿತ್ತು, ಯಾವುದೂ ಅವಳದಾಗಿರಲಿಲ್ಲ.

ಅವಳು ಹೊರಡಲು ನೋಡಿದ್ದು ಇದು ಮೊದಲ ಸಲವಲ್ಲ. ಮೊದಲನೆಯ ಸಲ ಅಣ್ಣನ ನಡುಕ ಹೊಸದು, ಬಿಟ್ಟುಹೋಗಲು ಮನಸ್ಸು ಬರಲಿಲ್ಲ. ಎರಡನೆಯದು ಹೋದ ವರ್ಷ. ಕೆಲಸದ ಪತ್ರ ಕೈಯಲ್ಲಿತ್ತು. ಆಗ ಅಣ್ಣ ರಾತ್ರಿ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ್ದ: "ಬೀದಿಗೆ ಗೊತ್ತಾದ ದಿನ ಈ ಬಾಗಿಲು ಮುಚ್ಚಬೇಕು ಪುಟ್ಟಿ. ಹೊಲಿಯಕ್ಕೆ ಬಾರದ ಡಾಕ್ಟ್ರ ಹತ್ರ ಯಾರು ಬರ್ತಾರೆ?" ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪುಟ್ಟಿ ಮರುದಿನ ಫೋನ್ ಮಾಡಿ ಬರುವುದಿಲ್ಲ ಎಂದಳು. ಓದಿಸಿದ ಅಣ್ಣ, ಅಪ್ಪನ ಜಾಗದಲ್ಲಿ ನಿಂತ ಅಣ್ಣ. ಅವನ ಮಾತು ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

ಈಗ ಮೂರನೆಯದು. ದೂರದ ಊರಿನ ದೊಡ್ಡ ಪ್ರಾಣಿ ಆಸ್ಪತ್ರೆ, ಗಾಯಗಳಿಗೇ ಒಂದು ಪ್ರತ್ಯೇಕ ವಿಭಾಗ, ಅದಕ್ಕೆ ಅವಳೇ ಮುಖ್ಯಸ್ಥೆ. ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಮುಂದಿನವರನ್ನು ಕರೆಯುತ್ತೇವೆಂದು ಖಡಾಖಂಡಿತವಾಗಿ ಹೇಳಿದ್ದರು. ಅಣ್ಣ ಈ ಸಲ ತಡೆಯಲಿಲ್ಲ. "ಹೋಗು. ಹೇಗೋ ನೋಡ್ಕೊಳ್ತೀನಿ" ಎಂದ. ಅತ್ತಿಗೆ ಮಾತ್ರ "ನಾನೇನೂ ಹೇಳಲ್ಲಪ್ಪ, ಅವರವರ ಜೀವನ ಅವರವರದು" ಎಂದು ಶುರುಮಾಡಿ, ಅರ್ಧ ದಿನ ಏನೆಲ್ಲ ಹೇಳಬಹುದೋ ಅಷ್ಟನ್ನೂ ಹೇಳಿದಳು.

ಶನಿವಾರ ಸಂಜೆಯ ಬಸ್ಸು. ಮಧ್ಯಾಹ್ನದ ಹೊತ್ತಿಗೆ ಪುಟ್ಟಿಯ ಚೀಲ ಕ್ಲಿನಿಕ್ಕಿನ ಮೇಲಿನ ಮನೆಯ ಬಾಗಿಲ ಬಳಿ ನಿಂತಿತ್ತು. ಅಷ್ಟರಲ್ಲಿ ಕೆಳಗಿನಿಂದ ಗಾಲಿಗಳ ಗಡಗಡ ಸದ್ದು ಕೇಳಿತು, ಹಿಂದೆಯೇ ಬೇಕರಿಯಮ್ಮನ ದನಿ.

ಬೇಕರಿಯಮ್ಮ ಎದುರು ಸಾಲಿನವಳು. ಒಲೆಯ ಮುಂದೆ ನಿಂತೂ ನಿಂತೂ ಕೆಂಪಾದ ಮುಖ, ಗಲ್ಲದ ಮೇಲೆ ಯಾವಾಗಲೂ ಒಂದಿಷ್ಟು ಹಿಟ್ಟು. ಹಿಟ್ಟಿನ ಮೂಟೆ ಸಾಗಿಸುವ ಗಾಡಿಯ ಮೇಲೆ ತನ್ನ ನಾಯಿ ಡುಮ್ಮನನ್ನು ಮಲಗಿಸಿಕೊಂಡು ತಳ್ಳುತ್ತ ಬಂದಿದ್ದಳು. ಡುಮ್ಮ ಹೆಸರಿಗೆ ತಕ್ಕ ನಾಯಿ, ದಿನಕ್ಕೆರಡು ಹಳೆಯ ಬ್ರೆಡ್ಡು ತಿಂದು ಬೆಳೆದವನು.

"ನೋಡಿ ಡಾಕ್ಟ್ರೇ, ಕಿವಿ ನೋಡಿ! ಬೀದಿ ಕೊನೆಯ ಪುಂಡರು ಸೇರ್ಕೊಂಡು ಹರಿದುಹಾಕಿದ್ದಾರೆ. ಎರಡು ದಿನ ಹುಡುಕ್ದೆ. ಹಿಟ್ಟಿನ ಮೂಟೆ ಹಿಂದೆ ಅವಿತುಕೊಂಡು ಬಿದ್ದಿದ್ದ, ಕಳ್ಳ."

ಕಿವಿ ನೋಡುವ ಹಾಗೇ ಇತ್ತು. ತುದಿ ಎರಡಾಗಿ ಸೀಳಿ ನೇತಾಡುತ್ತಿತ್ತು, ರಕ್ತ ಕತ್ತಿನವರೆಗೆ ಒಣಗಿತ್ತು. ಅಣ್ಣ ಜೇಬಿನಲ್ಲಿ ಕೈಯಿಟ್ಟುಕೊಂಡು ಬಾಗಿ "ಏನೋ ಡುಮ್ಮ, ಗೆದ್ಯೋ ಸೋತ್ಯೋ?" ಎಂದ. ಕೆಳಗಿಳಿದು ಬಂದ ಪುಟ್ಟಿ ಕಿವಿಯ ಕಡೆ ನೋಡಲಿಲ್ಲ. ಗಾಯ ನೋಡೋ ಮೊದಲು ನಾಯಿ ನೋಡು, ಕಿರುಚೋ ಗಾಯದ ಮಾತು ಕೊನೆಗೆ ಕೇಳು. ಇದನ್ನು ಹೇಳಿಕೊಟ್ಟವನು ಅಣ್ಣನೇ. ಕೈ ಚೆನ್ನಾಗಿದ್ದ ಕಾಲದಲ್ಲಿ ಅವನಂಥ ಗುರು ಇರಲಿಲ್ಲ. ಅವಳು ತುಟಿಯೆತ್ತಿ ವಸಡು ನೋಡಿದಳು, ಪೇಲವವಾಗಿತ್ತು. ಬೆರಳೊತ್ತಿ ಬಿಟ್ಟಳು, ಬಣ್ಣ ನಿಧಾನಕ್ಕೆ ಮರಳಿತು. ತೊಡೆಯ ಒಳಗೆ ನಾಡಿ ಓಡುತ್ತಿತ್ತು. ಎದೆಯ ಎರಡೂ ಪಕ್ಕ ಸ್ಟೆತೊಸ್ಕೋಪು ಇಟ್ಟು ಕೇಳಿದಳು, ಗಾಳಿ ಎರಡೂ ಕಡೆ ಸರಿಯಾಗಿ ಆಡುತ್ತಿತ್ತು, ಪುಣ್ಯ. ಜ್ವರ ಕೈಗೇ ಗೊತ್ತಾಗುತ್ತಿತ್ತು. ಕೊನೆಗೆ ಎಡ ಭುಜದ ಹಿಂದೆ ರೋಮ ಬಿಡಿಸಿದಾಗ ಸಿಕ್ಕಿದವು: ಮೊಳೆ ಹೊಡೆದು ಕಿತ್ತಂಥ ನಾಲ್ಕು ತೂತು. ಒತ್ತಿದರೆ ಚರ್ಮದ ಕೆಳಗೆ ಸೇರಿದ ಗಾಳಿ ಚರಚರ ಎಂದಿತು. ಡುಮ್ಮ ನರಳಲಿಲ್ಲ, ಕಣ್ಣು ಮುಚ್ಚಿಕೊಂಡ.

ಪುಟ್ಟಿ ಅಣ್ಣನ ಮುಖ ನೋಡಿದಳು. ನಿಜವಾದ ಗಾಯ ಕಿವಿಯದಲ್ಲ ಎಂದು ಅವನಿಗೂ ಗೊತ್ತಾಗಿತ್ತು.

"ಒಳಗೆ ತಗೊಳ್ಳೋಣ," ಎಂದ.

ಬಾಗಿಲು ಮುಚ್ಚಿತು, ರೇಡಿಯೊ ಶುರುವಾಯಿತು. ಯಾರೋ ಹವಾಮಾನ ಓದುತ್ತಿದ್ದರು. ಪುಟ್ಟಿ ನೋವಿಗೂ ಮಂಪರಿಗೂ ಮದ್ದು ಕೊಟ್ಟು, ರಕ್ತನಾಳಕ್ಕೆ ಡ್ರಿಪ್ ಹಾಕಿ, ಡುಮ್ಮ ಮಲಗಿದ ಮೇಲೆ ಭುಜದ ರೋಮ ಬೋಳಿಸಿದಳು. ಚರ್ಮ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನಾಯಿ ಕಚ್ಚಿದ ಗಾಯದ ಮೋಸವೇ ಅದು. ಹಲ್ಲು ನೆಟ್ಟು ಕೊಡವಿದಾಗ ಸಡಿಲ ಚರ್ಮ ಜೊತೆಗೇ ಜಗ್ಗಿ ಉಳಿದುಬಿಡುತ್ತದೆ, ಒಳಗಿನ ಮಾಂಸ ಜಜ್ಜಿಹೋಗುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಮೊಂಡು ತುದಿಯ ಕಡ್ಡಿಯನ್ನು ಒಂದು ತೂತಿಗೆ ಇಳಿಸಿದಳು. ಅದು ಪಕ್ಕೆಲುಬಿನ ಉದ್ದಕ್ಕೂ ತಡೆಯಿಲ್ಲದೆ ಜಾರಿತು. ತೂತುಗಳನ್ನು ಸೇರಿಸಿ ಕುಯ್ದು ತೆರೆದಳು. ಕಿರುಬೆರಳು ಹೋಗದ ತೂತಿನ ಕೆಳಗೆ ಅಂಗೈ ಇಡಬಹುದಾದ ಪೊಟರೆ. ರೋಮ, ಮಣ್ಣು, ಹಿಟ್ಟು, ಬೂದಿ ಬಣ್ಣಕ್ಕೆ ತಿರುಗಿದ ಮಾಂಸ, ವಾಸನೆ. ಆ ಗಾಳಿಗಂಡಿಯಿಂದ ಹೊರಗೆ ಹೋಗದೆ ವಾಸನೆ ಇಬ್ಬರ ಮೂಗಿನ ಮುಂದೆಯೇ ನಿಂತಿತು.

ಅವಳು ತೊಳೆದಳು. ಬಾಟಲಿಯ ಮೇಲೆ ಬಾಟಲಿ ಉಪ್ಪುನೀರು ಖಾಲಿಯಾಯಿತು, ಕಾಲಿನ ಬಳಿಯ ಬಕೆಟ್ಟು ತುಂಬಿತು. ಸತ್ತ ಮಾಂಸವನ್ನು ರಕ್ತ ಒಸರುವವರೆಗೆ ಚೂರುಚೂರೇ ಕತ್ತರಿಸಿದಳು. ಎದೆಯ ಗೂಡಿನೊಳಗೆ ತೂತಾಗಿರಲಿಲ್ಲ. ಕಿವಿಯನ್ನು ಅಂಚು ಸವರಿ ಹೊಲಿದಳು, ಅದು ಸುಲಭದ ಕೆಲಸ. ಉಳಿದದ್ದು ಭುಜ.

"ಹೊಲಿದುಬಿಡು," ಎಂದ ಅಣ್ಣ.

ಪುಟ್ಟಿ ತಲೆಯೆತ್ತಿದಳು.

"ಒಳಗೊಂದು ರಬ್ಬರ್ ನಳಿಗೆ ಇಡು, ಕೀವು ಬಂದ್ರೆ ಹರಿದುಹೋಗ್ಲಿ. ಹೊಲಿದು ಕಳಿಸು. ನಿನ್ನ ಬಸ್ಸಿಗೆ ಇನ್ನೂ ಹೊತ್ತಿದೆ."

"ಎರಡು ದಿನದ ಗಾಯ, ಅಣ್ಣ."

"ಗೊತ್ತು."

"ಕೊಳೆ ಮೇಲೆ ಹೊಲಿಗೆ ಹಾಕ್ಬೇಡ ಅಂತ ಹೇಳಿಕೊಟ್ಟೋನೇ ನೀನು."

"ಹತ್ತಕ್ಕೆ ಐದು ಸರಿಹೋಗುತ್ತೆ."

"ಉಳಿದ ಐದು?"

"ಒಡೆದ್ರೆ ಆಗ ನೋಡ್ಕೊಂಡ್ರಾಯ್ತು."

"ಯಾರು ನೋಡ್ಕೊಳ್ಳೋದು?"

ಅಣ್ಣ ಡುಮ್ಮನ ಎದೆ ಏರಿಳಿಯುವುದನ್ನೇ ನೋಡುತ್ತ ಕೂತ.

ಹೊಲಿದರೆ ಎಲ್ಲ ಸಲೀಸು. ಬೇಕರಿಯಮ್ಮ ಬೆಳ್ಳನೆಯ ಕಟ್ಟು ನೋಡಿ ಖುಷಿಪಡುತ್ತಾಳೆ, ಪುಟ್ಟಿ ಬಸ್ಸು ಹತ್ತುತ್ತಾಳೆ. ಎರಡು ಮೂರು ದಿನಕ್ಕೆ ಭುಜ ಊದಿ, ಹೊಲಿಗೆ ಬಿಗಿದು, ಒಳಗೆ ಕೊಳೆತದ್ದು ರಕ್ತಕ್ಕಿಳಿದರೆ ಆಗ ಅವಳು ದೂರದ ಊರಿನಲ್ಲಿ ಇನ್ನಾವುದೋ ನಾಯಿಯ ಗಾಯ ತೊಳೆಯುತ್ತಿರುತ್ತಾಳೆ. ತೆರೆದೇ ಬಿಟ್ಟರೆ ನಾಯಿ ಬಹುಪಾಲು ಉಳಿಯುತ್ತದೆ. ಆದರೆ ಗಾಯ ತಳದಿಂದ ತುಂಬಿಕೊಂಡು ಬರಬೇಕು, ಅಲ್ಲಿಯವರೆಗೆ ದಿನವೂ ತೊಳೆಯಬೇಕು, ದಿನವೂ ಕಟ್ಟು ಬದಲಾಯಿಸಬೇಕು, ಮೂರು ವಾರ ಹಿಡಿದೀತು. ದಿನವೂ ಮಂಪರು ಕೊಡಲಾಗದು. ನಾಯಿ ಎಚ್ಚರವಾಗಿರುತ್ತದೆ, ಯಜಮಾನಿ ತಲೆ ಹಿಡಿದುಕೊಂಡು ಎದುರಿಗೇ ನಿಂತಿರುತ್ತಾಳೆ. ಬಾಗಿಲು ಹಾಕುವ ಹಾಗಿಲ್ಲ. ಯಾರ ಕೈ ಕೆಲಸ ಮಾಡುತ್ತದೋ ಆ ಕೈಯನ್ನು ಅವಳು ನೋಡುತ್ತಾಳೆ.

ಅಣ್ಣನಿಗೆ ಇದೆಲ್ಲ ಗೊತ್ತು. ಗೊತ್ತಿದ್ದೂ ಹೊಲಿ ಎನ್ನುತ್ತಾನೆ. ತಂಗಿ ಹೋಗಲಿ ಎಂಬ ಪ್ರೀತಿಯೋ? ಇಲ್ಲವೇ, ಕೊಳೆ ಮೇಲೆ ಹೊಲಿಯುವುದು ಇವಳ ಕೈಯಲ್ಲಿ ಆಗುವುದಿಲ್ಲ ಎಂಬ ಲೆಕ್ಕಾಚಾರವೋ? ಹೋಗು ಎಂದು ಅವನು ತೋರಿಸಿದ ದಾರಿ ಅವಳು ಕಾಲಿಡಲಾಗದ ಒಂದೇ ದಾರಿಯಾಗಿತ್ತು. ಪುಟ್ಟಿಗೆ ಮೈಯೆಲ್ಲ ಉರಿಯಿತು. ಅಣ್ಣನ ಮೇಲೆ ಸಿಟ್ಟು, ಹಿಟ್ಟಿನ ಮೂಟೆ ಹಿಂದೆ ಎರಡು ದಿನ ಅವಿತಿದ್ದ ನಾಯಿಯ ಮೇಲೂ ಸಿಟ್ಟು. ನಿನ್ನೆ ಸಿಕ್ಕಿದ್ದರೆ ಇವನಿಗೇನಾಗುತ್ತಿತ್ತು?

ಅವಳು ಸೂಜಿ ಎತ್ತಿಕೊಂಡಳು. ಆಗಲಿ, ಹತ್ತಕ್ಕೆ ಐದು. ಲೋಕವೆಲ್ಲ ಹತ್ತಕ್ಕೆ ಐದರ ಮೇಲೆಯೇ ನಡೆಯುತ್ತಿದೆ, ಅವಳೊಬ್ಬಳು ಹತ್ತಕ್ಕೆ ಹತ್ತು ಕೇಳುತ್ತ ಈ ಉಗ್ರಾಣದಲ್ಲಿ ಮುದುಕಿಯಾಗಬೇಕೇ? ಮೊದಲ ಹೊಲಿಗೆ ಬಿತ್ತು. ಎರಡನೆಯದೂ ಬಿತ್ತು. ಚರ್ಮ ಒಂದಕ್ಕೊಂದು ಎಷ್ಟು ಚಂದವಾಗಿ ಬಂದು ಕೂತಿತೆಂದರೆ ಅವಳಿಗೇ ಆಸೆಯಾಯಿತು. ಮೂರನೆಯದಕ್ಕೆ ಸೂಜಿ ಚುಚ್ಚುವಾಗ ಡುಮ್ಮ ಮಂಪರಿನಲ್ಲೇ ಒಂದು ದೀರ್ಘ ಉಸಿರು ಬಿಟ್ಟ. ಸೇರಿದ ಅಂಚುಗಳ ನಡುವಿನಿಂದ ಒಂದು ತೊಟ್ಟು ಕಂದು ನೀರು ಹೊರಗೆ ಬಂದು ಅವಳ ಕೈಗವಸಿನ ಮೇಲೆ ನಿಂತಿತು.

ಕತ್ತರಿ ತೆಗೆದುಕೊಂಡು ಎರಡೂ ಹೊಲಿಗೆ ಕತ್ತರಿಸಿದಳು.

"ತೆರೆದೇ ಬಿಡ್ತೀನಿ," ಎಂದಳು.

"ಹಾಗಾದ್ರೆ ನೀನು ಇರ್ಬೇಕಾಗುತ್ತೆ." ಅಣ್ಣನ ದನಿ ಮೆತ್ತಗಿತ್ತು. "ಮೂರು ವಾರ ತಾನೆ? ಫೋನ್ ಮಾಡಿ ಹೇಳು."

"ಅವರು ಕಾಯಲ್ಲ."

"ಹೇಳಿ ನೋಡು."

ಒಳಕೋಣೆಯಿಂದ ಹಿತ್ತಿಲಿಗೆ ತೆರೆಯುವ ಬಾಗಿಲು ಸರಿಯಿತು. ಅತ್ತಿಗೆ ಮೂಗಿಗೆ ಸೆರಗು ಹಿಡಿದುಕೊಂಡು ಇಣುಕಿದಳು. "ನಾನೇನೂ ಹೇಳಲ್ಲಪ್ಪ. ಹೋಗ್ತೀಯೋ ಇಲ್ವೋ ಅಂತ ಗೊತ್ತಾದ್ರೆ ರಾತ್ರಿಗೆ ನಿನ್ನ ತಟ್ಟೆ ಹಾಕ್ಲೋ ಬೇಡ್ವೋ ಅಂತ ಕೇಳೋಕೆ ಬಂದೆ. ಮೂರು ವಾರ ಅಂತ ಕಿವಿಗೆ ಬಿತ್ತು. ಮೂರು ವಾರ ಏನು ಮಹಾ? ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗುತ್ತೆ."

"ಅತ್ತಿಗೆ, ಬಾಗಿಲು ಹಾಕ್ಕೊಳ್ಳಿ. ನೊಣ ಬರುತ್ತೆ," ಎಂದಳು ಪುಟ್ಟಿ.

ಬಾಗಿಲು ಮುಚ್ಚಿತು. ಇನ್ನೂ ಸೆಖೆಯಾಯಿತು.

"ಕಟ್ಟು ಬದಲಾಯಿಸೋಕೆ ಸೂಜಿ ಬೇಡ, ದಾರ ಬೇಡ," ಎಂದಳು. ರೇಡಿಯೊದ ಕೆಳಗಿನ ದನಿಯಲ್ಲಿ ಮಾತಾಡಿ ಮಾತಾಡಿ ಅವಳಿಗೆ ಅದೇ ಅಭ್ಯಾಸವಾಗಿತ್ತು. "ತೊಳೀಬೇಕು, ಮದ್ದು ತುಂಬಬೇಕು, ಬಟ್ಟೆ ಸುತ್ತಬೇಕು. ನಡುಗೋ ಕೈಲೂ ಆಗುತ್ತೆ. ನೀನೇ ಮಾಡು."

"ಅವಳ ಎದುರಿಗಾ?"

"ಎದುರಿಗೇ."

"ಹುಚ್ಚಾ ನಿಂಗೆ? ಆ ಬೇಕರಿಯಲ್ಲಿ ಬೆಳಿಗ್ಗೆ ಹೇಳಿದ್ದು ಸಂಜೆಗೆ ಊರೆಲ್ಲ ಸುತ್ತಿರುತ್ತೆ." ಅಣ್ಣನ ಮುಖ ಬಿಳಿಚಿತ್ತು. "ಹೋದ ವರ್ಷವೇ ಹೇಳಿದ್ದೆ. ಬೀದಿಗೆ ಗೊತ್ತಾದ್ರೆ ಬಾಗಿಲು ಮುಚ್ಚಬೇಕು. ನಾನು, ನಿನ್ನ ಅತ್ತಿಗೆ, ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗ್ಲಿ?"

ಪುಟ್ಟಿ ಗಾಯಕ್ಕೆ ಒದ್ದೆ ಬಟ್ಟೆ ಹೊದಿಸಿ ಮುಂದಿನ ಕೋಣೆಗೆ ಬಂದಳು. ಅಡಕತ್ತರಿಯಲ್ಲಿ ಸಿಕ್ಕ ಹಾಗಾಗಿತ್ತು ಅವಳಿಗೆ. ಈ ಕಡೆ ಹೊರಳಿದರೆ ನಾಯಿ, ಆ ಕಡೆ ಹೊರಳಿದರೆ ಅಣ್ಣ. ಬೇಕರಿಯಮ್ಮ ಬೆಂಚಿನಿಂದ ಎದ್ದು ನಿಂತಳು.

"ಬದುಕ್ತಾನೆ," ಎಂದಳು ಪುಟ್ಟಿ ಮೊದಲು. "ಆದ್ರೆ ಭುಜದ ಗಾಯ ಹೊಲಿಯೋ ಹಾಗಿಲ್ಲ."

"ಹೊಲಿಯಲ್ವಾ? ಈ ಮನೇಲಿ ಹೊಲಿಯದೆ ಕಳಿಸ್ತಾರಾ?"

"ಒಳಗೆ ಕೊಳೆತಿದೆ. ಮುಚ್ಚಿದ್ರೆ ವಿಷ ಒಳಗೇ ನಿಲ್ಲುತ್ತೆ. ದಿನಾ ತೊಳೆದು, ಸಕ್ಕರೆ ತುಂಬಿ ಕಟ್ಟಬೇಕು."

"ಏನು ತುಂಬಿ?"

"ಸಕ್ಕರೆ. ಗಾಯದ ನೀರೆಲ್ಲ ಹೀರಿಕೊಳ್ಳುತ್ತೆ, ಕೊಳೆಸೋ ಕ್ರಿಮಿಗೆ ಬದುಕೋಕೆ ಒದ್ದೆ ಸಿಗಲ್ಲ. ಸಣ್ಣ ಹರಳಿನ ಶುದ್ಧ ಸಕ್ಕರೆ ಬೇಕು, ಬಿಚ್ಚದ ಚೀಲದ್ದು."

ಬೇಕರಿಯಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಗಾಯದ ಮೇಲೆ ಉಪ್ಪು ಸವರೋರನ್ನ ಬೇಕಾದಷ್ಟು ನೋಡಿದೀನಿ. ಸಕ್ಕರೆ ಹಾಕೋದು ಇದೇ ಮೊದಲು ಕೇಳ್ತಿರೋದು. ಮೂಟೆಗಟ್ಟಲೆ ಇದೆ, ತಡೀರಿ." ಬೀದಿ ದಾಟಿ ಓಡಿದಳು. ಅಷ್ಟು ದಪ್ಪದ ಹೆಂಗಸು ಅಷ್ಟು ಬೇಗ ಓಡಬಲ್ಲಳೆಂದು ಯಾರೂ ಅಂದುಕೊಂಡಿರಲಿಲ್ಲ. ಹೊಸ ಚೀಲ ಒಡೆದು ಡಬ್ಬಿ ತುಂಬಿಸಿ, ಮೇಲೊಂದು ಚಮಚ ಸಿಗಿಸಿಕೊಂಡು ಬಂದಳು.

ಅಷ್ಟರಲ್ಲಿ ಡುಮ್ಮ ತಲೆಯೆತ್ತತೊಡಗಿದ್ದ. ಅಣ್ಣ ಮೊಣಕೈಯಿಂದ ಅವನನ್ನು ಒತ್ತಿ ಹಿಡಿದಿದ್ದ. ಪುಟ್ಟಿ ಒಳಕೋಣೆಯ ಬಾಗಿಲನ್ನು ಪೂರ್ತಿ ತೆರೆದಳು.

"ಒಳಗೆ ಬನ್ನಿ. ತಲೆ ಹಿಡ್ಕೊಳ್ಳಿ. ದಿನಾ ಹೀಗೇ ಹಿಡೀಬೇಕಾಗುತ್ತೆ."

ಅಣ್ಣ ಗಾಬರಿಯಿಂದ ಎದ್ದು ಕೈಗಳನ್ನು ಜೇಬಿಗೆ ಇಳಿಸಿಕೊಂಡ. ಪ್ರಾಣಿಗಳ ಯಜಮಾನರು ಯಾರೂ ಆ ಬಾಗಿಲು ದಾಟಿರಲಿಲ್ಲ. ಬೇಕರಿಯಮ್ಮ ಕಪಾಟಿಗೂ ಮೇಜಿಗೂ ನಡುವೆ ಹೇಗೋ ತೂರಿಕೊಂಡು ಡುಮ್ಮನ ತಲೆಯನ್ನು ಕಂಕುಳಿಗೆ ಸಿಗಿಸಿಕೊಂಡಳು. ಗಾಯ ನೋಡಿ ಒಂದು ಸಲ ಕಣ್ಣು ಮುಚ್ಚಿ ತೆರೆದಳು.

"ಅಯ್ಯೋ ಕಂದ... ದಿನಾ ಯಾರು ಕಟ್ತಾರೆ ಇದನ್ನ? ನೀವು ಇವತ್ತು ಊರಿಗೆ ಹೊರಟಿದೀರಂತಲ್ಲ ಪುಟ್ಟಿ?"

ನಾನೇ ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಎಷ್ಟು ವರ್ಷದಿಂದ ಆ ಜಾಗದಲ್ಲಿ ಅದೇ ಮಾತು ಕೂತಿತ್ತೆಂದರೆ ಅದಕ್ಕೆ ಬೇರೆ ದಾರಿಯೇ ಗೊತ್ತಿರಲಿಲ್ಲ. ಅಣ್ಣ ನೆಲ ನೋಡುತ್ತಿದ್ದ. ಅವನು ಕಾಯುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಅವಳು ಹೇಳುತ್ತಾಳೆಂದು ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

"ಡಾಕ್ಟ್ರು ಕಟ್ತಾರೆ," ಎಂದಳು ಪುಟ್ಟಿ. "ಇವತ್ತಿಂದಲೇ." ಡಬ್ಬಿಯನ್ನು ಅಣ್ಣನ ಮುಂದೆ ಹಿಡಿದಳು.

ಹೇಳಿದ ಮರುಗಳಿಗೆಯೇ ಪುಟ್ಟಿಗೆ, ಅಪ್ಪನ ಜಾಗದಲ್ಲಿದ್ದವನನ್ನು ಬೀದಿಯ ಮುಂದೆ ನಿಲ್ಲಿಸಿಬಿಟ್ಟೆನಲ್ಲ ಎನಿಸಿತು. ಡಬ್ಬಿ ಹಿಂದಕ್ಕೆ ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಅಣ್ಣ ಜೇಬಿನಿಂದ ಬಲಗೈ ತೆಗೆದ. ಗಾಳಿಗೆ ಸಿಕ್ಕ ಎಲೆಯ ಹಾಗೆ ಅದು ಆಡುತ್ತಿತ್ತು. ಚಮಚ ಹಿಡಿದ, ಸಕ್ಕರೆ ತೆಗೆದ. ಮೇಜಿನ ಮೇಲೆ, ನೆಲದ ಮೇಲೆ, ಬೇಕರಿಯಮ್ಮನ ತೋಳಿನ ಮೇಲೆ ಚೆಲ್ಲಿತು. ಗಾಯದ ಮೇಲೂ ಬಿತ್ತು, ಸಣ್ಣಗೆ, ಎಲ್ಲ ಕಡೆ ಸಮವಾಗಿ. ಇನ್ನೊಂದು ಚಮಚ ಹಾಕಿದ, ಮತ್ತೊಂದು ಹಾಕಿದ. ಡುಮ್ಮ ಮೂಗು ಅರಳಿಸಿ ಗಾಳಿ ನೆಕ್ಕಿದ.

"ಪರವಾಗಿಲ್ವೇ," ಎಂದಳು ಬೇಕರಿಯಮ್ಮ. "ಕೇಕಿನ ಮೇಲೆ ಇಷ್ಟು ಚೆನ್ನಾಗಿ ಉದುರಿಸೋಕೆ ನಮ್ಮ ಅಂಗಡೀಲಿ ಒಬ್ಬರಿಗೂ ಬರಲ್ಲ."

"ನನ್ನ ಕೈ ನಡುಗುತ್ತಮ್ಮ," ಎಂದ ಅಣ್ಣ.

"ಅದು ಗೊತ್ತಿರೋದೇ ತಾನೆ?"

ಪುಟ್ಟಿ ಸರಕ್ಕನೆ ತಿರುಗಿದಳು. "ಏನು ಗೊತ್ತಿರೋದು?"

"ಕೈ ನಡುಗೋದು, ಹೊಲಿಗೆ ನೀವು ಹಾಕೋದು. ಬೀದಿಗೆಲ್ಲ ಗೊತ್ತು. ಇವರು ಕೆಮ್ಮೋದು ಒಂದು ಮೂಲೆಯಿಂದ ಕೇಳಿಸುತ್ತೆ, ಕತ್ತರಿ ಸದ್ದು ಇನ್ನೊಂದು ಮೂಲೆಯಿಂದ. ರೇಡಿಯೊ ಹಾಕಿದ್ರೆ ಕಿವಿ ಕಿವುಡಾಗುತ್ತಾ? ನೀವು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಕೆಲಸ ಚೆನ್ನಾಗಿ ಆಗ್ತಿತ್ತು, ಯಾರು ಹೊಲಿದ್ರೆ ನಮಗೇನು?" ಬೇಕರಿಯಮ್ಮ ಡುಮ್ಮನ ಹಣೆ ತಟ್ಟುತ್ತ ಸಹಜವಾಗಿ ಮುಂದುವರಿಸಿದಳು. "ಎರಡು ವರ್ಷದ ಹಿಂದೆ ನಾನೇ ಹೇಳಿರ್ಲಿಲ್ವಾ ಡಾಕ್ಟ್ರೇ? ನರದ ಡಾಕ್ಟ್ರಿಗೆ ತೋರಿಸಿ, ನಮ್ಮಪ್ಪನಿಗೂ ಹೀಗೇ ಇತ್ತು, ಇದ್ರಲ್ಲಿ ನಾಚಿಕೆ ಏನು, ನಾಯಿ ಬೆಕ್ಕೆಲ್ಲ ನಿಮ್ಮ ಹತ್ರನೇ ತರ್ತೀವಿ ಅಂತ? ತೋರಿಸ್ತೀನಮ್ಮ ಅಂದ್ರಿ. ತೋರಿಸಿದ್ರಾ?"

ಎರಡು ವರ್ಷದ ಹಿಂದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಎಲ್ಲರೂ ಬಲ್ಲರು. ಇಲ್ಲಿ ಬೆಕ್ಕಿನ ಕಣ್ಣು ತೆರೆದೇ ಇತ್ತು. ಮುಚ್ಚಿದ್ದು ಪಕ್ಕದಲ್ಲಿ ನಿಂತು ಬಟ್ಟಲು ಹಿಡಿದವಳ ಕಣ್ಣು. ಹೋದ ವರ್ಷ ತಟ್ಟೆ ನೋಡಿಕೊಂಡು ಆಡಿದ ಮಾತು, ಅತ್ತಿಗೆಯ ಕಣ್ಣೀರು, ಮರುದಿನದ ಫೋನು, ಎಲ್ಲ ಒಟ್ಟಿಗೇ ಪುಟ್ಟಿಯ ತಲೆಗೆ ಏರಿತು. ಮೇಜಿನ ಅಂಚು ಹಿಡಿದುಕೊಂಡಳು, ಕೈಗವಸಿಗೆ ಸಕ್ಕರೆ ಅಂಟಿತು.

"ನಿಂಗೆ ಗೊತ್ತಿತ್ತಾ?" ಎಂದಳು.

ಅಣ್ಣ ಚಮಚ ಕೆಳಗಿಡಲಿಲ್ಲ. ಡಬ್ಬಿಯ ಅಂಚಿಗೆ ಅದು ಟಕಟಕ ಬಡಿಯುತ್ತಿತ್ತು. ಬೇಕರಿಯಮ್ಮ ಒಮ್ಮೆ ಇವಳ ಮುಖ, ಒಮ್ಮೆ ಅವನ ಮುಖ ನೋಡಿ, ಏನೋ ಆಡಬಾರದ್ದು ಆಡಿದೆನೆಂದು ಅರ್ಥವಾಗಿ, ಡುಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟತೊಡಗಿದಳು.

"ಹೇಳು ಅಣ್ಣ. ಬೀದಿಗೆ ಗೊತ್ತು ಅಂತ ನಿಂಗೆ ಗೊತ್ತಿತ್ತಾ?"

"ನಿಂಗೆ ಗೊತ್ತಾಗಿದ್ರೆ," ಎಂದ ಅಣ್ಣ, "ನೀನು ಇರ್ತಿದ್ಯಾ?"

ಪುಟ್ಟಿಗೆ ಅಳು ಬರಲಿಲ್ಲ, ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸಕ್ಕರೆಯ ಮೇಲೆ ದಪ್ಪ ಹತ್ತಿಯ ಪದರ ಇಟ್ಟಳು. ಎದೆಯನ್ನು ಬಳಸಿ ಪಟ್ಟಿ ಸುತ್ತಿದಳು. ಉಸಿರಾಡಲು ಸಡಿಲವಿದೆಯೇ ಎಂದು ಕೆಳಗೆ ಎರಡು ಬೆರಳು ತೂರಿಸಿ ನೋಡಿದಳು. "ಕಟ್ಟಿನ ಮೇಲೆ ಒದ್ದೆ ಬಂದ್ರೆ ದಿನಕ್ಕೆ ಎರಡು ಸಲ ಬದಲಾಯಿಸಿಕೊಂಡು ಹೋಗಿ," ಎಂದು ಬೇಕರಿಯಮ್ಮನಿಗೆ ಹೇಳಿದಳು. "ಗಾಯದ ತಳ ಕೆಂಪಗೆ, ಹರಳುಹರಳಾಗಿ ಬಂದ್ರೆ ಗೆದ್ದ ಹಾಗೆ. ಜ್ವರ ಇಳೀದಿದ್ರೆ ನಂಗೆ ಫೋನ್ ಮಾಡಿ." ಕೈಗವಸು ಕಳಚಿ ಬಕೆಟ್ಟಿಗೆ ಹಾಕಿದಳು. ಆಮೇಲೆ ಅಣ್ಣನ ಕಡೆ ತಿರುಗಿದಳು.

"ಕೇಳಿ ನೋಡ್ಬೇಕಿತ್ತು, ಅಣ್ಣ," ಎಂದಳು. "ಇರು ಅಂತ ಬಾಯಿಬಿಟ್ಟು ಒಂದು ಸಲ ಕೇಳಿದ್ದಿದ್ರೆ ಇರ್ತಿದ್ದೆ."

ಅಣ್ಣನ ಬಾಯಿ ತೆರೆಯಿತು. ಈಗಲಾದರೂ ಕೇಳುತ್ತಾನೆಂದು ಅವಳು ಒಂದು ಗಳಿಗೆ ನಿಂತಳು. ಕೇಳಿದರೆ ಏನು ಹೇಳುತ್ತೇನೋ ಎಂದು ಅವಳಿಗೆ ತನ್ನ ಮೇಲೆಯೇ ಭಯವಾಯಿತು. ಅವನು ಕೇಳಲಿಲ್ಲ. ಪುಟ್ಟಿ ಚೀಲ ತರಲು ಮೆಟ್ಟಿಲು ಹತ್ತಿದಳು.